ನಡುವೆ ಕಂಬವಿಲ್ಲದ ದೇವಾಲಯ

ಚಿತ್ರದುರ್ಗದ ಬಯಲುಸೀಮೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆ. ಆ ಭಾರ ಹೊರಲು ನಾಲ್ಕು ಹೆಜ್ಜೆಗೊಂದು ಕಂಬ ಬೇಕು; ಕಂಬಗಳ ನಡುವಿನ ಜಾಗವೇ ಅಂಕಣ, ಮನೆ ಎಷ್ಟು ಅಂಕಣದ್ದು ಎಂದು ಕೇಳುವುದು ಅದಕ್ಕೇ. ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲೂ ಕಡೆದ ಕಂಬಗಳದೇ ಸೊಗಸು. ಇಂಥ ಸೀಮೆಯಲ್ಲಿ ಮಿಷನ್ ಕಾಲದ ಹಳ್ಳಿಯ ಚರ್ಚೊಂದರ ಒಳಗೆ ಕಾಲಿಟ್ಟರೆ ಬರಿಯ ಸುಣ್ಣದ ಗೋಡೆ, ಉದ್ದನೆಯ ಬೆಂಚು, ಎದುರಿಗೆ ಪಾದ್ರಿ ನಿಂತು ಉಪದೇಶ ಮಾಡುವ ಎತ್ತರದ ಪ್ರಸಂಗಪೀಠ. ವಿಗ್ರಹವಿಲ್ಲ, ನಡುವೆ ಒಂದು ಕಂಬವೂ ಇಲ್ಲ.

ಇದು ಬಡತನದ ಗುರುತಲ್ಲ. 1560ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪರ ಅಧಿಕಾರವನ್ನು ತಳ್ಳಿಹಾಕಿತು. ಜಿನೀವಾದ ಧರ್ಮಸುಧಾರಕ ಕ್ಯಾಲ್ವಿನನ ಬೋಧನೆಯನ್ನು ಜಾನ್ ನಾಕ್ಸ್ ಅಲ್ಲಿ ಬೇರೂರಿಸಿದ. ಕ್ರಮೇಣ ಬಿಷಪ್ಪರ ಜಾಗಕ್ಕೆ ಸಭೆಯ ಹಿರಿಯರು ಬಂದರು. ಈ ಪಂಥದ ಹೆಸರು ‘ಪ್ರೆಸ್ಬಿಟೀರಿಯನ್’; ಆ ಪದದ ಗ್ರೀಕ್ ಮೂಲಕ್ಕೆ ಅರ್ಥವೇ ಹಿರಿಯ ಎಂದು. ಈ ಪಂಥದ ಆರಾಧನೆಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಬೈಬಲಿನ ವಾಕ್ಯ ಎಲ್ಲರಿಗೂ ಕೇಳಬೇಕು, ಓದುವವರು ಎಲ್ಲರಿಗೂ ಕಾಣಬೇಕು. ಕಟ್ಟಡದ ರೂಪ ಹುಟ್ಟಿದ್ದು ಇಲ್ಲಿಂದ.

ಬೆಂಗಳೂರಿನಲ್ಲಿದ್ದ ಈ ಪಂಥದ ಸ್ಕಾಟರಿಗಾಗಿ ಸೇಂಟ್ ಆಂಡ್ರ್ಯೂಸ್ ಚರ್ಚು 1866ರಲ್ಲಿ ತೆರೆಯಿತು. ಚಿತ್ರದುರ್ಗದ ಕಡೆ ದುಡಿದವರು ಇಂಗ್ಲೆಂಡಿನ ಜಾನ್ ವೆಸ್ಲಿಯ ಪಂಥದ ವೆಸ್ಲಿಯನ್ ಮೆಥಡಿಸ್ಟರು. ಪಂಥ ಬೇರೆಯಾದರೂ ಪ್ರಸಂಗಕ್ಕೆ ಕೊಟ್ಟ ಜಾಗ ಅದೇ.

ಕಂಬವಿಲ್ಲದೆ ಅಷ್ಟಗಲದ ಹಜಾರಕ್ಕೆ ಮಾಡು ಹಾಕುವುದು ಹೇಗೆ? ಮರದ ತೊಲೆಗಳನ್ನು ತ್ರಿಕೋನವಾಗಿ ಜೋಡಿಸಿದರೆ ಭಾರವೆಲ್ಲ ಎರಡು ಗೋಡೆಗಳಿಗೆ ಇಳಿಯುತ್ತದೆ. ಮೇಲೆ ಮಣ್ಣು ಹೇರುವ ಬದಲು ಹಗುರವಾದ ಮಂಗಳೂರು ಹಂಚು ಹೊದಿಸಿದರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಹಂಚನ್ನು ತಿರುಗಿಸಿದರೆ ಆ ಇಸವಿಯ ಅಚ್ಚು ಕೆಲವೊಮ್ಮೆ ಸಿಗುತ್ತದೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಚರ್ಚಿನ ವಯಸ್ಸೆಂದು ಓದಿಕೊಳ್ಳಬಾರದು.

1908ರಲ್ಲಿ ಪ್ರೆಸ್ಬಿಟೀರಿಯನ್ನರೂ, ಪ್ರತಿ ಸಭೆಯೂ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಕಾಂಗ್ರಿಗೇಷನಲಿಸ್ಟರೂ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾದರು. 1947ರ ಸೆಪ್ಟೆಂಬರ್ 27ರಂದು ಆ ಸಭೆ, ಮೆಥಡಿಸ್ಟರು, ಬಿಷಪ್ಪರಿರುವ ಆಂಗ್ಲಿಕನ್ನರು ಒಂದಾಗಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಹಿರಿಯರ ಪರಂಪರೆಯವರು ಬಿಷಪ್ಪರನ್ನೂ ಒಪ್ಪಿಕೊಂಡರು. ಹಳೆಯ ಪಂಥಗಳ ಹೆಸರು ಫಲಕಗಳಿಂದ ಅಳಿದವು, ಕಟ್ಟಡದ ಒಳಗು ಮಾತ್ರ ಹಾಗೆಯೇ ಉಳಿಯಿತು.

ಈಗ ದುರಸ್ತಿಯ ಮಾತು ಬಂದಾಗಲೆಲ್ಲ ಹಂಚು ಇಳಿಸಿ ತಗಡು ಹಾಕೋಣ ಎನ್ನುತ್ತಾರೆ. ಖರ್ಚು ಕಡಿಮೆ, ನಿಜ. ಆದರೆ ತಗಡಿನ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಮುಂದಿನ ಬೆಂಚಿನಲ್ಲಿ ಕುಳಿತವರಿಗೂ ಪ್ರಸಂಗ ಕೇಳಿಸುವುದಿಲ್ಲ.