ಮೂರನೇ ಕಡುಬು ಎಲ್ಲಿ ಹೋಯಿತು?

ನನ್ನ ಊಟದ ಡೈರಿಯಲ್ಲಿ ಕಳೆದ ವರ್ಷದ ಜುಲೈ 9ರ ಪುಟ ಹೀಗಿದೆ.

'ಬೆಳಿಗ್ಗೆ ಕಡುಬು 3, ಕಾಯಿಚಟ್ನಿ, ತುಪ್ಪ. ಕಾಫಿ. 11 ಗಂಟೆಗೆ ಆಫೀಸಿನಲ್ಲಿ ಇನ್ನೊಂದು ಕಾಫಿ, ಯಾರೋ ತಂದಿದ್ದ ಚಕ್ಕುಲಿ 2. ಮಧ್ಯಾಹ್ನ ಅನ್ನ, ಕಳಲೆ ಹುಳಿ, ಒಂದೆಲಗದ ತಂಬುಳಿ, ಹಪ್ಪಳ. ಸಂಜೆ ಗಾಂಧಿ ಬಜಾರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ 2. ಜೋರು ಮಳೆ. ರಾತ್ರಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ.'

ಅದೇ ನೋಟ್‌ಬುಕ್ಕಿನ ಹಿಂಬದಿಯ ಪುಟಗಳಲ್ಲಿ ಇನ್ನೊಂದು ಲೆಕ್ಕ ಇದೆ. ಆ ವಾರ ಪೂರ್ತಿ ನಾನು ಎರಡು ಸಲ ಬರೆಯುತ್ತಿದ್ದೆ. ತಿಂದ ತಕ್ಷಣ ಒಂದು ಸಲ. ಮಲಗುವ ಮುಂಚೆ, ಹಗಲು ಬರೆದದ್ದನ್ನು ನೋಡದೆ, ಬರೀ ನೆನಪಿನಿಂದ ಇನ್ನೊಂದು ಸಲ. ಜುಲೈ 9ರ ರಾತ್ರಿ ನೆನಪಿನಿಂದ ಬರೆದದ್ದು ಇಷ್ಟೇ: 'ಕಡುಬು 2, ಚಟ್ನಿ. ಅನ್ನ, ಕಳಲೆ ಹುಳಿ. ಸಂಜೆ ಮಂಡಕ್ಕಿ. ರಾತ್ರಿ ಗಂಜಿ.'

ಒಂದು ದಿನವೂ ದಾಟಿರಲಿಲ್ಲ. ಅಷ್ಟರಲ್ಲೇ ಚಕ್ಕುಲಿ, ಬಜ್ಜಿ, ತುಪ್ಪ, ತಂಬುಳಿ, ಎರಡೂ ಕಾಫಿ ಮಾಯವಾಗಿದ್ದವು. ಮೂರನೇ ಕಡುಬು ಕೂಡ. ಅದು ನಾನು ಕೇಳಿ ಹಾಕಿಸಿಕೊಂಡದ್ದಲ್ಲ. 'ಇನ್ನೊಂದು ಹಾಕ್ಕೊ, ಬಿಸಿ ಇದೆ' ಅಂತ ಅಮ್ಮ ತಟ್ಟೆಗೆ ಇಟ್ಟದ್ದು. ವಾರದ ಕೊನೆಗೆ ಎರಡೂ ಕಡೆಯ ಪುಟ ಹೋಲಿಸಿದಾಗ ಒಂದು ವಿಷಯ ಎದ್ದು ಕಂಡಿತು. ನಾನೇ ಆರಿಸಿ ತಿಂದದ್ದು ನೆನಪಿನಲ್ಲಿ ಉಳಿದಿತ್ತು. ಬೇರೆಯವರು ಕೈಗೆ ಕೊಟ್ಟದ್ದು, ನಿಂತುಕೊಂಡು ತಿಂದದ್ದು, ಊಟದ ಬದಿಗೆ ಬಂದದ್ದು ಹೋಗಿಬಿಟ್ಟಿತ್ತು.

ಇದು ನನ್ನೊಬ್ಬಳ ಮರೆವಲ್ಲ. ಜನ ಏನು ತಿನ್ನುತ್ತಾರೆ ಅಂತ ಲೆಕ್ಕ ಹಾಕುವ ವಿಜ್ಞಾನಿಗಳಿಗೆ ಬಹಳ ಕಾಲದಿಂದ ಇರುವ ತಲೆನೋವೇ ಇದು. ಕೇಳಿದರೆ ಜನ ಹೇಳುತ್ತಾರೆ. ಆದರೆ ಹೇಳಿದ್ದು ಸರಿಯಾ ಅಂತ ನೋಡುವುದು ಹೇಗೆ? ಹಗಲು ರಾತ್ರಿ ಪಕ್ಕದಲ್ಲಿ ಕೂತು ತಟ್ಟೆ ನೋಡಲು ಆಗುವುದಿಲ್ಲ. ನೋಡುತ್ತಿದ್ದಾರೆ ಅಂತ ಗೊತ್ತಾದರೆ ತಿನ್ನುವ ರೀತಿಯೇ ಬದಲಾಗುತ್ತದೆ, ಅಲ್ವಾ?

ಇದಕ್ಕೆ ಸಿಕ್ಕ ದಾರಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಒಂದು ಲೋಟ ವಿಶೇಷ ನೀರು ಕುಡಿಸುತ್ತಾರೆ. ಅದರಲ್ಲಿರುವ ಹೈಡ್ರೋಜನ್ ಮತ್ತು ಆಕ್ಸಿಜನ್ ಪರಮಾಣುಗಳಲ್ಲಿ ಕೆಲವು ಮಾಮೂಲಿಗಿಂತ ಸ್ವಲ್ಪ ತೂಕ ಜಾಸ್ತಿ ಇರುವಂಥವು. ಅವುಗಳಿಂದ ವಿಕಿರಣ ಇಲ್ಲ, ಅಪಾಯ ಇಲ್ಲ. ಆಮೇಲೆ ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಿ, ಈ ಭಾರದ ಪರಮಾಣುಗಳು ಎಷ್ಟು ಬೇಗ ಕಡಿಮೆಯಾಗುತ್ತಿವೆ ಅಂತ ನೋಡುತ್ತಾರೆ. ಹೈಡ್ರೋಜನ್ ಮೈಯಿಂದ ಹೊರಗೆ ಹೋಗುವುದು ನೀರಾಗಿ ಮಾತ್ರ, ಅಂದರೆ ಮೂತ್ರ, ಬೆವರು, ಉಸಿರಿನ ತೇವ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ನಾವು ಉಸಿರು ಬಿಡುವ ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೇ ಅಳತೆಯ ಎರಡು ಕೆರೆ ಇವೆ ಅಂತಿಟ್ಟುಕೊಳ್ಳಿ. ಒಂದಕ್ಕೆ ಒಂದು ತೂಬು, ಇನ್ನೊಂದಕ್ಕೆ ಎರಡು. ಎರಡರಲ್ಲೂ ನೀರು ಇಳಿದ ವೇಗ ಹೋಲಿಸಿದರೆ ಆ ಹೆಚ್ಚಿನ ತೂಬಿನಲ್ಲಿ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ. ಇಲ್ಲಿ ಆ ಹೆಚ್ಚಿನ ತೂಬೇ ಉಸಿರು. ಎಷ್ಟು ಕಾರ್ಬನ್ ಡೈಆಕ್ಸೈಡ್ ಹೋಯಿತು ಅಂತ ತಿಳಿದರೆ ಮೈ ಎಷ್ಟು ಶಕ್ತಿ ಖರ್ಚು ಮಾಡಿತು ಅಂತ ಲೆಕ್ಕ ಸಿಗುತ್ತದೆ. ತೂಕ ಏರದೆ ಇಳಿಯದೆ ಇದ್ದರೆ, ಖರ್ಚಾದಷ್ಟನ್ನು ಆ ಮನುಷ್ಯ ತಿಂದಿರಲೇಬೇಕು.

ಅಮೆರಿಕದ ನೇಥನ್ ಲಿಫ್ಸನ್ ಮತ್ತು ಜೊತೆಗಾರರು 1955ರಲ್ಲಿ ಇದನ್ನು ಇಲಿಗಳ ಮೇಲೆ ಮಾಡಿ ತೋರಿಸಿದರು. ಆ ನೀರು ತುಂಬಾ ದುಬಾರಿ. ಮನುಷ್ಯರ ಮೇಲೆ ಬಳಸುವ ಹೊತ್ತಿಗೆ 1982 ಆಯಿತು. ಅದಾದ ಹತ್ತು ವರ್ಷಕ್ಕೆ, 1992ರಲ್ಲಿ, ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. 'ನಾವು ತಿನ್ನುವುದೇ ಕಡಿಮೆ, ಆದರೂ ತೂಕ ಇಳಿಯುವುದಿಲ್ಲ' ಎನ್ನುತ್ತಿದ್ದ 10 ಜನರನ್ನು ಈ ವಿಧಾನದಲ್ಲಿ ನೋಡಿದರು. ಅವರು ತಿನ್ನುತ್ತಿದ್ದದ್ದರಲ್ಲಿ ಸರಾಸರಿ 47 ಪರ್ಸೆಂಟ್ ಅವರು ಬರೆದ ಲೆಕ್ಕದಲ್ಲಿ ಇರಲೇ ಇಲ್ಲ. ಹತ್ತಿರ ಹತ್ತಿರ ಅರ್ಧ! ಇದನ್ನು ಓದಿ ಅವರನ್ನು ಸುಳ್ಳುಗಾರರು ಎನ್ನುವವರಿದ್ದಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. ನಾನು ನೆನಪಿನಿಂದ ಬರೆದ ಪುಟದಲ್ಲಿ ಬಜ್ಜಿ ಇಲ್ಲದಿರುವುದು ಸುಳ್ಳು ಹೇಳಬೇಕು ಅಂತ ಅಲ್ಲ. ಆಗ ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಮರೆತುಹೋಗುವ ಈ ಸಣ್ಣಪುಟ್ಟದ್ದು ಲೆಕ್ಕಕ್ಕೆ ಸಣ್ಣದಲ್ಲ. ಅಕ್ಕಿಯ ಪಿಷ್ಟ ಒಂದು ಗ್ರಾಮಿಗೆ ಸುಮಾರು 4 ಕ್ಯಾಲೊರಿ ಕೊಡುತ್ತದೆ. ಎಣ್ಣೆ, ತುಪ್ಪ 9. ಬಜ್ಜಿ ಹೀರಿಕೊಂಡ ಎಣ್ಣೆ ಕಣ್ಣಿಗೆ ಕಾಣುವುದೂ ಇಲ್ಲ. ಕಾಫಿಯನ್ನೇ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ತುಂಬಿದ ಚಮಚಕ್ಕೆ 5 ಗ್ರಾಂ ಹಿಡಿದರೆ 40 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಮೇಲಿಂದ ಹಾಕಿಕೊಳ್ಳುವ ಸಕ್ಕರೆಯನ್ನು 50 ಗ್ರಾಂ ಒಳಗೆ ಇಡಬೇಕು, 25ರ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಬ್ಬವಿಲ್ಲ, ಸಿಹಿಯಿಲ್ಲ, ಬರೀ ಕಾಫಿಯಲ್ಲೇ 40. ಆದರೆ 'ಏನು ತಿಂದೆ?' ಅಂದರೆ ನಾವು ಕಾಫಿಯನ್ನು ಹೇಳುವುದೇ ಇಲ್ಲ.

ಸಮೀಕ್ಷೆ ಮಾಡುವವರಿಗೂ ಇದು ಗೊತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹಳ್ಳಿ ಮನೆಗಳಿಗೆ ಹೋಗಿ 'ಕಳೆದ 24 ಗಂಟೆಯಲ್ಲಿ ಏನೇನು ಅಡುಗೆ ಮಾಡಿದಿರಿ, ಯಾರು ಎಷ್ಟು ತಿಂದರು' ಅಂತ ಕೇಳುವ ಪದ್ಧತಿ ಇದೆ. 'ಒಂದು ಬಟ್ಟಲು' ಅಂದರೆ ಯಾವ ಬಟ್ಟಲು ಅಂತ ತಿಳಿಯಲು ಅಳತೆಯ ಬಟ್ಟಲುಗಳನ್ನು ಜೊತೆಗೇ ಒಯ್ಯುತ್ತಾರೆ. ಅಮೆರಿಕದಲ್ಲಿ ಒಂದೇ ದಿನದ ಊಟವನ್ನು ಐದು ಸುತ್ತಿನಲ್ಲಿ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ತೋಚಿದ್ದನ್ನು ಹೇಳಿಸಿ, ಎರಡನೇ ಸುತ್ತಿನಲ್ಲಿ ಜನ ಸಾಮಾನ್ಯವಾಗಿ ಮರೆಯುವ ವಸ್ತುಗಳ ಪಟ್ಟಿಯನ್ನೇ ಓದುತ್ತಾರೆ. ಕುಡಿದದ್ದೇನಾದರೂ ಇತ್ತಾ, ಕುರುಕಲು ಇತ್ತಾ, ಸಿಹಿ ಇತ್ತಾ?

ಮರೆವು ಲೆಕ್ಕವನ್ನಷ್ಟೇ ಕೆಡಿಸಿದ್ದರೆ ಅದು ವಿಜ್ಞಾನಿಗಳ ಚಿಂತೆ ಮಾತ್ರ ಆಗುತ್ತಿತ್ತು. ಆದರೆ ಹಸಿವಿಗೂ ನೆನಪಿಗೂ ನಂಟಿದೆ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗವನ್ನು ಓದಿದ ದಿನ ನನಗೆ ರಾತ್ರಿ ಅದೇ ಯೋಚನೆ. ಮಿದುಳಿಗೆ ಹಾನಿಯಾಗಿ ಹೊಸ ನೆನಪು ನಿಲ್ಲದಂತಾದ ಇಬ್ಬರಿಗೆ ಮಧ್ಯಾಹ್ನದ ಊಟ ಕೊಟ್ಟರು. ತಿಂದರು. 10ರಿಂದ 30 ನಿಮಿಷ ಬಿಟ್ಟು ಮತ್ತೆ ಊಟ ತಂದಿಟ್ಟರು. ಅದನ್ನೂ ತಿಂದರು. ಮೂರನೆಯದು ತಂದಾಗ ಸಾಮಾನ್ಯವಾಗಿ ಅದಕ್ಕೂ ಕೈ ಹಾಕಿದರು. ಹೊಟ್ಟೆ ತುಂಬಿತ್ತು. ಆದರೆ 'ನನ್ನದು ಊಟ ಆಯಿತು' ಎಂಬ ನೆನಪು ಇರಲಿಲ್ಲ. ಸಾಕು ಅನ್ನುವುದರಲ್ಲಿ ಹೊಟ್ಟೆಯ ಪಾಲು ಎಷ್ಟೋ, ನೆನಪಿಗೂ ಒಂದು ಪಾಲು ಇದೆ.

ನೆನಪು ಸರಿಯಾಗಿರುವ ನಮ್ಮಂಥವರಲ್ಲೂ ಇದು ಕಾಣುತ್ತದೆ. ಸುಜಾನ್ ಹಿಗ್ಸ್ ಎಂಬ ಸಂಶೋಧಕಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವತ್ತಿನ ಮಧ್ಯಾಹ್ನದ ಊಟವನ್ನು ಒಮ್ಮೆ ನೆನೆಸಿಕೊಂಡವರು ಆಮೇಲೆ ಕೊಟ್ಟ ತಿಂಡಿಯನ್ನು ಕಡಿಮೆ ತಿಂದರು. 2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದರ ಉಲ್ಟಾ ನೋಡಿದರು. ಒಂಬತ್ತು ಬಗೆಯ ತಿನಿಸಿನ ಊಟ. ಕೆಲವರು ಕಂಪ್ಯೂಟರಿನಲ್ಲಿ ಇಸ್ಪೀಟ್ ಆಡುತ್ತಾ ತಿಂದರು, ಉಳಿದವರು ಸುಮ್ನೆ ಕೂತು ತಿಂದರು. ಆಡುತ್ತಾ ತಿಂದವರು ಅರ್ಧ ಗಂಟೆಯ ನಂತರ ಬಿಸ್ಕತ್ತನ್ನು ಜಾಸ್ತಿ ತಿಂದರು. ಯಾವುದಾದ ಮೇಲೆ ಯಾವುದು ತಿಂದೆವು ಅಂತ ಹೇಳುವಾಗಲೂ ಅವರೇ ಹೆಚ್ಚು ತಪ್ಪಿದರು.

ಇದನ್ನು ಓದುವಾಗ ನಮ್ಮ ಬಾಳೆಎಲೆ ನೆನಪಾಯಿತು. ತೀರ್ಥಹಳ್ಳಿ ಕಡೆಯ ಒಂದು ಮದುವೆ ಊಟದಿಂದ ಬಂದವರನ್ನು ಏನೇನಿತ್ತು ಅಂತ ಕೇಳಿ ನೋಡಿ. ಎಲೆಯ ಎಡತುದಿಯಿಂದ ಶುರು ಮಾಡುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಪ್ರತಿಯೊಂದಕ್ಕೂ ಎಲೆಯ ಮೇಲೆ ಅದರದೇ ಜಾಗ ಇರುವುದರಿಂದ ಬಾಯಿ ಹೇಳುವ ಮುಂಚೆ ಕಣ್ಣಿಗೆ ಬರುತ್ತದೆ. ನಮ್ಮ ಅಮ್ಮ ನಾಲ್ಕು ದಿನ ಬಿಟ್ಟು ಕೇಳಿದರೂ ತಪ್ಪದೆ ಹೇಳುತ್ತಾರೆ. ಆದರೆ ಅನ್ನ ಎಷ್ಟು ಸಲ ಹಾಕಿಸಿಕೊಂಡಿರಿ, ಹೋಳಿಗೆ ಎಷ್ಟು ಅಂದರೆ ಅವರೂ ನಿಂತುಬಿಡುತ್ತಾರೆ. ಮತ್ತೆ ಬಡಿಸಿದ್ದಕ್ಕೆ ಎಲೆಯಲ್ಲಿ ಬೇರೆ ಜಾಗ ಇಲ್ಲ. ಅದು ಮೊದಲಿನದರ ಮೇಲೆಯೇ ಬೀಳುತ್ತದೆ, ನೆನಪಿನಲ್ಲೂ ಹಾಗೇ.

ಡೈರಿ ಅಂದ ತಕ್ಷಣ ತಕ್ಕಡಿ, ಗ್ರಾಮು, ಕ್ಯಾಲೊರಿ ಅಂತ ಹೆದರಬೇಡಿ. ನಾನು ತೂಗುವುದಿಲ್ಲ. ಊಟದ ಬಗ್ಗೆ ಮೊದಲೇ ಆತಂಕ ಇರುವವರಿಗೆ ಆ ಥರದ ಲೆಕ್ಕ ಕೆಡುಕನ್ನೂ ಮಾಡಬಹುದು. ಅಂಥವರು ಡಾಕ್ಟರನ್ನು ಕೇಳದೆ ಶುರು ಮಾಡದಿರುವುದು ವಾಸಿ. ನಾನು ಬರೆಯುವುದು ಏನು, ಎಷ್ಟು ಸಲ, ಎಲ್ಲಿ, ಯಾರ ಜೊತೆ ಅಂತ ಮಾತ್ರ. ತೂಕವಿಲ್ಲದ ಇಷ್ಟರಿಂದಲೇ ಒಂದು ಒಳ್ಳೆಯ ಲೆಕ್ಕ ಸಿಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 15ರಿಂದ 49 ವಯಸ್ಸಿನ ಮಹಿಳೆಯರ ಊಟದ ವೈವಿಧ್ಯ ನೋಡಲು ಒಂದು ಅಳತೆ ಮಾಡಿದೆ. ಆಹಾರವನ್ನು 10 ಗುಂಪು ಮಾಡುತ್ತಾರೆ. ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮಾಂಸ ಮೀನು, ಹಸಿರು ಸೊಪ್ಪು ಹೀಗೆ. ಒಂದು ದಿನದಲ್ಲಿ ಕನಿಷ್ಠ 5 ಗುಂಪು ಮುಟ್ಟಬೇಕು. ಇದು ಒಂದು ಊರಿನ, ಒಂದು ಸಮುದಾಯದ ಪರಿಸ್ಥಿತಿ ತಿಳಿಯಲು ಇರುವ ಅಳತೆ, ಒಬ್ಬರ ಆರೋಗ್ಯಕ್ಕೆ ಸರ್ಟಿಫಿಕೇಟ್ ಅಲ್ಲ. ಆದರೂ ಜುಲೈ 9ನ್ನು ಇದರಲ್ಲಿ ಇಟ್ಟು ನೋಡಿದೆ. ಹಗಲು ಬರೆದ ಪುಟದಲ್ಲಿ ಅಕ್ಕಿ, ಹುಳಿಯ ತೊಗರಿಬೇಳೆ, ತಂಬುಳಿಯ ಮಜ್ಜಿಗೆ, ಒಂದೆಲಗದ ಸೊಪ್ಪು, ಕಳಲೆ, ಒಟ್ಟು ಐದು. ರಾತ್ರಿ ನೆನಪಿನಿಂದ ಬರೆದ ಪುಟದಲ್ಲಿ ಬರೀ ಮೂರು. ತಂಬುಳಿ ಮರೆತದ್ದಕ್ಕೆ ಎರಡು ಗುಂಪು ಒಟ್ಟಿಗೆ ಹೋಯಿತು. ಹಣ್ಣು ಎರಡೂ ಪುಟದಲ್ಲಿ ಇಲ್ಲ. ಅದು ಮಾತ್ರ ಮರೆತದ್ದಲ್ಲ, ತಿಂದೇ ಇರಲಿಲ್ಲ. ಜುಲೈ ಪೂರ್ತಿ ತಿರುವಿ ನೋಡಿದರೂ ಹಣ್ಣು ಬಹಳ ಅಪರೂಪ. ಹಲಸು, ಮಾವು ಮುಗಿಯುತ್ತಾ ಬಂದಿರುತ್ತದೆ, ಮಳೆಯಲ್ಲಿ ಪೇಟೆಗೆ ಹೋಗುವುದು ಕಡಿಮೆ. ಇದು ಡೈರಿ ಇಲ್ಲದೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಅಮ್ಮನ ಎದೆಯುರಿಯ ಕಾರಣ ತಿಳಿದದ್ದೂ ಇದರಿಂದಲೇ. ಆಗಾಗ ರಾತ್ರಿ ಹುಳಿತೇಗು, ಎದೆಯುರಿ. ಹೊರಗೆ ತಿಂದ ವಡೆಯೇ ಕಾರಣ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು. ಎರಡು ತಿಂಗಳು ಅಮ್ಮನ ಊಟವನ್ನೂ ಬರೆದೆ. ವಡೆ ತಿಂದ ದಿನಗಳಿಗೂ ಉರಿಗೂ ತಾಳೆಯೇ ಆಗಲಿಲ್ಲ. ಉರಿ ಬಂದ ರಾತ್ರಿಗಳಲ್ಲೆಲ್ಲ ಒಂಬತ್ತೂವರೆಗೆ ಊಟ, ಹತ್ತಕ್ಕೆ ನಿದ್ದೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಾಗಿಲಿನಂತೆ ಕೆಲಸ ಮಾಡುವ ಒಂದು ಸ್ನಾಯು ಇದೆ. ಅದು ಸಡಿಲ ಇದ್ದರೆ, ಹೊಟ್ಟೆ ತುಂಬಿದ್ದಾಗ ಮಲಗಿದರೆ ಆಮ್ಲ ಸುಲಭವಾಗಿ ಮೇಲೆ ಬರುತ್ತದೆ. ನೋಟ್‌ಬುಕ್ ನೋಡಿದ ಡಾಕ್ಟರು ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ ಇಡಲು ಹೇಳಿದರು. ಈಗ ನಮ್ಮ ಮನೆಯಲ್ಲಿ ರಾತ್ರಿ ಊಟ ಏಳೂವರೆಗೆ. ಉರಿ ಬಹಳ ಕಡಿಮೆಯಾಗಿದೆ.

ಮಲೆನಾಡಿನವರು ಡೈರಿ ಬರೆಯಲು ಇನ್ನೊಂದು ಕಾರಣವೂ ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. 2017ರಲ್ಲಿ ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ 528 ಆಹಾರಗಳ ಪೋಷಕಾಂಶ ಅಳೆದು ಕೋಷ್ಟಕ ಪ್ರಕಟಿಸಿತು. ದೊಡ್ಡ ಕೆಲಸ. ಆದರೆ ಅದು ಹೇಳುವುದು ಪದಾರ್ಥದಲ್ಲಿ ಏನಿದೆ ಅಂತ. ಅದನ್ನು ನಾವು ಹೇಗೆ, ಯಾವಾಗ ತಿನ್ನುತ್ತೇವೆ ಅಂತ ನಾವೇ ಬರೆಯಬೇಕು. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ, ಮೂರನೇ ದಿನ ಬೇಯಿಸುತ್ತೇವೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಒಂದು ವಸ್ತು ಇದೆ. ನೆನೆಸಿ ಬೇಯಿಸಿದರೆ ಅದು ಹೋಗುತ್ತದೆ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು, ಅದಕ್ಕೇ ಗಂಟಲು ಕೆರೆತ, ಅದಕ್ಕೇ ಪತ್ರೊಡೆಗೆ ಅಷ್ಟು ಹುಣಸೆಹುಳಿ, ಅಷ್ಟು ಹೊತ್ತು ಬೇಯಿಸುವುದು. ಪಕ್ಕದ ಮನೆಯವರು ಬರೆದಿದ್ದರೆ ಮಳೆನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು, ಗದ್ದೆ ಏಡಿ ಎಲ್ಲ ಬರುತ್ತಿತ್ತು.

ಅಮ್ಮ ಈಗ ನನ್ನ ಪುಟಗಳನ್ನು ಓದುತ್ತಾರೆ. ತಾರೀಖು ಮಾತ್ರ ಸಾಲದು, ಪಕ್ಕದಲ್ಲಿ ಮಳೆಯ ಹೆಸರನ್ನೂ ಬರೆ ಅಂದರು. ಹುತ್ತದ ಅಣಬೆ ಏಳುವುದು ಅವರ ಲೆಕ್ಕದಲ್ಲಿ ಜೂನಿನಲ್ಲಿ ಅಲ್ಲ, ಆರಿದ್ರಾ ಮಳೆಯಲ್ಲಿ. ಗೆದ್ದಲು ಹುತ್ತದೊಳಗೆ ಬೆಳೆಸುವ ಶಿಲೀಂಧ್ರದ್ದೇ ಅಣಬೆ ಅದು, ಮಳೆಗೆ ಮಣ್ಣು ನೆನೆದರೆ ಮೇಲೆ ಬರುತ್ತದೆ. ಹಾಗಾಗಿ ಈ ವರ್ಷದ ಮೊದಲ ಅಣಬೆಯ ಪುಟ ಹೀಗಿದೆ: 'ಜೂನ್ 27, ಆರಿದ್ರಾ. ಊರಿಂದ ಮಾವ ತಂದದ್ದು, ಒಂದು ಬುಟ್ಟಿ. ಅಣಬೆ ಸಾರು, ಅಕ್ಕಿ ರೊಟ್ಟಿ 3. ಮೂರನೆಯದು ಅಮ್ಮ ಹಾಕಿದ್ದು.'