ಕಸ ಆಯುವವರ ಕೈಗೆ ಚೀಟಿ ಬಂದ ಕಥೆ

ಬೆಳಗಿನ ಜಾವ ಮೂಟೆ ಹೊತ್ತು ಬರುವವರನ್ನು ಕಂಡರೆ ಮೊದಲು ಬೀದಿನಾಯಿ ಬೊಗಳುತ್ತದೆ. ಆಮೇಲೆ ವಾಚ್‌ಮನ್. ಅಕ್ಕಪಕ್ಕದಲ್ಲಿ ಏನಾದರೂ ಕಳುವಾಗಿದ್ದರೆ ಮೊದಲ ಅನುಮಾನವೂ ಇವರ ಮೇಲೆಯೇ. ಬೆಂಗಳೂರಿನ ಚಿಂದಿ ಆಯುವವರ ಬದುಕು ಬಹಳ ಕಾಲ ಹೀಗೇ ನಡೆಯಿತು. ಅವರು ಆಯ್ದ ಬಾಟಲಿ, ರಟ್ಟು, ತಗಡು ಗುಜರಿ ಅಂಗಡಿ ಸೇರುತ್ತಿದ್ದವು. ಅಷ್ಟು ಕಸ ಪಾಲಿಕೆಯ ಲಾರಿ ಹತ್ತುತ್ತಿರಲಿಲ್ಲ. ಊರಿಗೆ ಅದು ಬಿಟ್ಟಿ ಉಳಿತಾಯ. ಪೌರಕಾರ್ಮಿಕರಿಗಾದರೂ ಹಾಜರಿ ಪುಸ್ತಕವಿತ್ತು, ಇವರ ಹೆಸರು ಎಲ್ಲೂ ಇರಲಿಲ್ಲ.

ದಾರಿ ಮೊದಲು ಕಂಡಿದ್ದು ಪುಣೆಯಲ್ಲಿ. 1993ರಲ್ಲಿ ಅಲ್ಲಿನ ಚಿಂದಿ ಆಯುವವರು ಸೇರಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಕಟ್ಟಿಕೊಂಡರು. ಕಾಗದ, ಗಾಜು, ತಗಡು ಮೂರೂ ಹೆಸರಿನಲ್ಲೇ ಇವೆ ನೋಡಿ. ಇದೂ ಒಂದು ಕೆಲಸ, ನಾವೂ ಕೆಲಸಗಾರರು ಅನ್ನುವುದು ಅವರ ವಾದ. ಆ ಸಂಘಟನೆಯಲ್ಲಿ ದುಡಿದಿದ್ದ ನಳಿನಿ ಶೇಖರ್ ಮುಂದೆ ಬೆಂಗಳೂರಿಗೆ ಬಂದರು. ಇಲ್ಲಿ ಚಿಂದಿ ಆಯುವವರ ಸಂಘಟನೆ 'ಹಸಿರು ದಳ' ಹುಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. ಲೋಕ ಅದಾಲತ್‌ ಕಟ್ಟೆ ಹತ್ತಿದ ಈ ಕೆಲಸಗಾರರ ಗುರುತಿನ ವಿಷಯ 2011ರ ಹೊತ್ತಿಗೆ ಗುರುತಿನ ಚೀಟಿಯ ರೂಪ ಪಡೆಯಿತು. ಚೀಟಿಯ ಮೇಲೆ ಆಗಿನ ನಗರ ಪಾಲಿಕೆ ಬಿಬಿಎಂಪಿಯ ಹೆಸರು. ಪೊಲೀಸರು ತಡೆದರೆ ತೋರಿಸಲು ಕೈಯಲ್ಲೊಂದು ಕಾರ್ಡ್. ಸಣ್ಣ ವಿಷಯ ಅನ್ನಿಸಬಹುದು, ರಾತ್ರಿ ಠಾಣೆಯಲ್ಲಿ ಕೂತವರಿಗೆ ಅಲ್ಲ.

ಅಷ್ಟರಲ್ಲಿ 2012 ಬಂತು. ನಿಮ್ಮ ಕಸ ನಮಗೆ ಬೇಡ ಎಂದು ಮಾವಳ್ಳಿಪುರದ ಜನ ತಿರುಗಿಬಿದ್ದರು. ಅಲ್ಲಿನ ಕಸದ ಗುಂಡಿ ಮುಚ್ಚಿತು, ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸದ ಗುಡ್ಡೆ ಎದ್ದಿತು. ಹೈಕೋರ್ಟ್ ಮಧ್ಯೆ ಬಂತು. ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು, ಪ್ರತಿ ವಾರ್ಡ್‌ಗೂ ಒಣ ಕಸ ಸಂಗ್ರಹ ಕೇಂದ್ರ ಬೇಕು ಎಂದಿತು. ಆಗ ಇದ್ದದ್ದು 198 ವಾರ್ಡ್.

ಆ ಕೇಂದ್ರಗಳನ್ನು ನಡೆಸುವವರು ಯಾರು? ಹಾಲಿನ ಕವರ್ ಯಾವುದು, ಚಿಪ್ಸ್ ಪ್ಯಾಕೆಟ್ ಯಾವುದು, ಯಾವುದಕ್ಕೆ ಕಾಸು ಹುಟ್ಟುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದು ಕೈಯಲ್ಲಿ ಮುಟ್ಟಿದರೇ ಗೊತ್ತಾಗುವ ಜನ ಬೇಕಿತ್ತು. ಅಂಥವರು ಊರಲ್ಲೇ ಇದ್ದರು, ಅಲ್ವಾ? ಹಿಂದೆ ಚೀಲ ಹೊತ್ತವರಲ್ಲಿ ಕೆಲವರು ಕೇಂದ್ರ ನಡೆಸುವವರಾದರು. ಲೆಕ್ಕ ಬರೆಯುವುದು, ತೂಕ ಹಾಕುವುದು, ಬ್ಯಾಂಕ್ ಖಾತೆ ಎಲ್ಲ ಕಲಿತರು.

ನಗರಕ್ಕೆ ಕರುಣೆ ಹುಟ್ಟಿ ಹೀಗಾಯಿತು ಅಂತ ನನಗೆ ಅನ್ನಿಸುವುದಿಲ್ಲ. ನಾತ ಮೂಗಿಗೆ ಬಡಿದ ಮೇಲೆ ಇವರ ನೆನಪಾಯಿತು, ಅಷ್ಟೇ. ಆದರೆ ಆ ಹೊತ್ತಿಗೆ ಪಟ್ಟಿ, ಚೀಟಿ, ಸಂಘಟನೆ ಸಿದ್ಧವಿರದಿದ್ದರೆ ಆ ಕೆಲಸವೂ ಸಲೀಸಾಗಿ ಕಂಟ್ರಾಕ್ಟರ್‌ ಕೈಗೆ ಹೋಗುತ್ತಿತ್ತು. 2014ರ ಕೊನೆಗೆ ಇನ್ನೊಂದು ಕಸದ ಗುಂಡಿಯಿದ್ದ ಮಂಡೂರಿಗೂ ಕಸದ ಲಾರಿ ಹೋಗುವುದು ನಿಂತಿತು. 2016ರ ಕೇಂದ್ರ ಸರ್ಕಾರದ ಘನ ತ್ಯಾಜ್ಯ ನಿಯಮಗಳಲ್ಲಿ ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದು ಬರೆದೇ ಬಂತು.

ಚೀಟಿಯಿಂದ ಎಲ್ಲ ಸರಿಹೋಗಲಿಲ್ಲ. ಗುಜರಿ ದರ ಬಿದ್ದ ದಿನ ಸಂಪಾದನೆಯೂ ಬೀಳುತ್ತದೆ. ಈಗ ಊರಂಚಿನ ಶೆಡ್‌ಗಳಲ್ಲಿ ಕಸ ಬೇರೆ ಮಾಡುವವರಲ್ಲಿ ಹೊರ ರಾಜ್ಯಗಳಿಂದ ಬಂದವರೂ ಇದ್ದಾರೆ. ಚೀಟಿ ಇಲ್ಲದವರನ್ನು ವಾಚ್‌ಮನ್ ಇವತ್ತಿಗೂ ಗೇಟಿನ ಹೊರಗೇ ನಿಲ್ಲಿಸಿ ಕೇಳುತ್ತಾನೆ: ಯಾರು ನೀನು?