ಎತ್ತಿನ ಮೈಮೇಲೆ ಎರಡು ಕಲೆ

2023ರ ಕಾರಹುಣ್ಣಿಮೆ, ಎತ್ತುಗಳ ಹಬ್ಬ. ವಿಜಯಪುರದಿಂದ ತೊರವಿ ಕಡೆ ಹೋಗುವಾಗ ಊರು ಮುಗಿಯಿತು ಅನ್ನುವಷ್ಟರಲ್ಲಿ ಕಲ್ಲು ನೆಟ್ಟ ಪ್ಲಾಟುಗಳು ಶುರುವಾಗುತ್ತವೆ. ನಾಲ್ಕು ಪ್ಲಾಟಿಗೊಂದು ಮನೆ. ಉಳಿದದ್ದರಲ್ಲಿ ಜಾಲಿ, ಕಣಕಿ ಬಣವಿ, ತಿಪ್ಪೆ. ಅಲ್ಲೇ ನಮ್ಮ ಪರಿಚಯದ ಕಾಕಾ ಒಬ್ಬರು ತಮ್ಮ ಕಿಲಾರಿ ಎತ್ತನ್ನು ಮೈ ತೊಳೆದು ನಿಲ್ಲಿಸಿದ್ದರು. ಹಿಂದಿನ ದಿನ ಹೊನ್ನುಗ್ಗಿ ಆಗಿತ್ತು. ಇವತ್ತು ಬಣ್ಣ, ಸಂಜೆಗೆ ಕರಿ ಹರಿಯುವುದು, ಅಂದರೆ ಎತ್ತು ಓಡಿಸಿ ಅಡ್ಡ ಕಟ್ಟಿದ ತೋರಣ ಹರಿಸುವುದು.

ಬಣ್ಣ ಹಚ್ಚಲು ಬಂದಿದ್ದವನು ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹೂವು, ಬಳ್ಳಿ, ದೇವರ ಹೆಸರು ಬರೆಯುವ ಪೇಂಟರ್. ಕೋಡಿಗೆ ವಾರ್ನೀಸು ಹೊಡೆದು ಮುಗಿಸಿದ. ಪಕ್ಕೆಗೆ ಬಂದಾಗ ನಿಂತ.

“ಕಾಕಾ, ಇಲ್ಲಿ ಬಣ್ಣ ಸರಿಯಾಗಿ ಹಿಡಿಯಂಗಿಲ್ರಿ. ಕಲಿ ಭಾಳ ಅದಾವು.”

“ಅದಾವಪ್ಪ, ಏನ್ ಮಾಡೂದು. ಕಾಣಧಂಗ ಮಾಡು.”

ಅವನು ಸ್ವಲ್ಪ ಹೊತ್ತು ಎತ್ತನ್ನೇ ನೋಡಿದ. “ಕಾಣಧಂಗ ಯಾಕ್ರಿ, ಹೂವಿನ ನಡು ಅಂತ ಹಿಡಿಯೂಣು” ಅಂದ. ಬಿಳಿ ಮೈಮೇಲೆ ನಾಣ್ಯದಷ್ಟು ದೊಡ್ಡ, ಕೂದಲಿಲ್ಲದ ಬೂದು ಚುಕ್ಕೆಗಳಿದ್ದವು. ಒಂದೊಂದರ ಸುತ್ತಲೂ ಹುರಮಂಜಿನಿಂದ ಎಸಳು ಬರೆಯುತ್ತ ಹೋದ. ಅರ್ಧ ತಾಸಿನಲ್ಲಿ ಎತ್ತಿನ ಒಂದು ಪಕ್ಕೆಯ ಮೇಲೆ ಹನ್ನೊಂದು ಹೂವು. ನಾನೇ ಎಣಿಸಿದ್ದು.

ಗಾಯ ಉಳಿಸಿಹೋದ ಗುರುತಿಗೂ ಕಲೆ ಅನ್ನುತ್ತೇವೆ, ಪೇಂಟರ್ ಮಾಡಿದ್ದಕ್ಕೂ ಕಲೆ ಅನ್ನುತ್ತೇವೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಅದೇ ಎತ್ತಿನ ಮೈಮೇಲೆ ಎರಡೂ ಇದ್ದವು. ಒಂದನ್ನು ಪೇಂಟರ್ ಮಾಡಿದ್ದ, ಇನ್ನೊಂದನ್ನು ವೈರಸ್. ಇಬ್ಬರೂ ಊರ ಅಂಚಿನವರೇ. ಈ ಅಂಚಿನ ಬಗ್ಗೆ ಬರೆಯಬೇಕು ಅನ್ನಿಸಿದ್ದು ಅವತ್ತೇ.

ಮೊದಲು ವೈರಸ್ಸಿನ ಕಥೆ. ಇದಕ್ಕೆ ಚರ್ಮಗಂಟು ರೋಗ ಅನ್ನುತ್ತಾರೆ. ಲಂಪಿ ಅಂದರೂ ಈಗ ಎಲ್ಲರಿಗೂ ಗೊತ್ತು. ಇದನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕಾದ ಇಂದಿನ ಜಾಂಬಿಯಾದಲ್ಲಿ. ಆಗ ಯಾರೂ ಇದನ್ನು ಅಂಟುರೋಗ ಅಂದುಕೊಳ್ಳಲಿಲ್ಲ. ದನ ಏನೋ ವಿಷದ ಗಿಡ ತಿಂದಿರಬೇಕು, ಇಲ್ಲವೇ ಹುಳ ಕಚ್ಚಿ ಮೈ ಗಂಟುಕಟ್ಟಿರಬೇಕು ಅಂದರು. 1940ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 80 ಲಕ್ಷ ದನಗಳಿಗೆ ಬಂದಾಗ ಇದು ಒಂದರಿಂದ ಇನ್ನೊಂದಕ್ಕೆ ಹತ್ತುವ ರೋಗ ಅನ್ನುವುದು ಖಾತ್ರಿಯಾಯಿತು. ಹುಳ ಕಚ್ಚಿ ಅಂದವರು ಪೂರ್ತಿ ತಪ್ಪಿರಲಿಲ್ಲ ನೋಡಿ. ಕಚ್ಚಿದ್ದು ಹುಳವೇ. ಆದರೆ ಅದರ ಬಾಯಲ್ಲಿ ಇನ್ನೊಂದು ಇತ್ತು.

ಆ ಇನ್ನೊಂದು ಎಷ್ಟು ಸಣ್ಣದು? ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 3000 ಹಿಡಿಸುತ್ತವೆ. ವೈರಸ್‌ಗಳ ಲೆಕ್ಕದಲ್ಲಿ ಇದು ದೈತ್ಯ. ಆಕಾರ ಹೆಚ್ಚುಕಡಿಮೆ ಇಟ್ಟಿಗೆಯದ್ದು, ಮೂಲೆಗಳು ಮಾತ್ರ ಸವೆದಂತೆ ದುಂಡಗೆ. ಒಳಗೆ ಡಿಎನ್‌ಎ ಇದೆ, ಸುಮಾರು 1.5 ಲಕ್ಷ ಅಕ್ಷರಗಳಷ್ಟು ಉದ್ದ. ಕೊರೊನಾ ವೈರಸ್ಸಿನಲ್ಲಿ ಇರುವುದು ಡಿಎನ್‌ಎ ಅಲ್ಲ, ಆರ್‌ಎನ್‌ಎ; ಅದರ ಉದ್ದ ಬರೀ 30 ಸಾವಿರ. ಇಷ್ಟು ಉದ್ದ ಯಾಕೆ ಬೇಕು ಅಂದರೆ, ಇದು ತನ್ನ ಹತಾರಗಳನ್ನು ತಾನೇ ಹೊತ್ತು ಬರುವ ಕುಳ. ಡಿಎನ್‌ಎ ಇರುವ ಬಹುತೇಕ ವೈರಸ್‌ಗಳು ಜೀವಕೋಶದ ನಡುಮನೆಗೆ, ಅಂದರೆ ಕೋಶಕೇಂದ್ರಕ್ಕೆ ನುಗ್ಗಿ ಅಲ್ಲಿನ ಯಂತ್ರಗಳನ್ನು ಬಳಸಿ ತಮ್ಮ ನಕಲು ಮಾಡಿಕೊಳ್ಳುತ್ತವೆ. ಸಿಡುಬಿನ ಬಳಗದ ಈ ವೈರಸ್ ನಡುಮನೆಗೆ ಕಾಲೇ ಇಡುವುದಿಲ್ಲ. ಪಡಸಾಲೆಯಲ್ಲೇ ತನ್ನ ಕಾರ್ಖಾನೆ ಹಾಕಿಕೊಂಡು ಕೂರುತ್ತದೆ. ನಮ್ಮ ಮೈಲಿ ಬ್ಯಾನಿಯ ವೈರಸ್ಸೂ ಇದೇ ಬಳಗದ್ದು. ಕುರಿ ಸಿಡುಬು, ಆಡು ಸಿಡುಬು ಅಂತೂ ಇದಕ್ಕೆ ಹತ್ತಿರದ ಅಣ್ಣತಮ್ಮಂದಿರು. ಈ ಅಣ್ಣತಮ್ಮಂದಿರ ಸಂಬಂಧ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಮನುಷ್ಯರಿಗೆ ಇದು ಹತ್ತುವುದಿಲ್ಲ. ಹಾಲು ಕಾಯಿಸಿ ಕುಡಿದರೆ ಸಾಕು. 2022ರಲ್ಲಿ ಹಾಲು ಚೆಲ್ಲಿದವರು ಸುಮ್ನೆ ಚೆಲ್ಲಿದರು.

ಈಗ ತಿಪ್ಪೆಯ ಹತ್ತಿರ ಬರೋಣ. ದನಗಳ ಕಾಲಿಗೆ ಕಚ್ಚುವ ನೊಣ ಒಂದಿದೆ. ನೋಡಲು ಮನೆನೊಣದ ಹಾಗೇ. ಆದರೆ ಮೂತಿಯಲ್ಲಿ ಸೂಜಿ. ಗುಂಗಾಡಿಯಲ್ಲಿ, ಅಂದರೆ ಸೊಳ್ಳೆಯಲ್ಲಿ, ಹೆಣ್ಣು ಮಾತ್ರ ರಕ್ತ ಹೀರುತ್ತದೆ, ಈ ನೊಣದಲ್ಲಿ ಗಂಡೂ ಬಿಡುವುದಿಲ್ಲ. ಮೊಟ್ಟೆ ಇಡುವುದು ಎಲ್ಲಿ ಅಂದರೆ ಗಂಜಲ, ಸಗಣಿ, ಹಸಿ ಕಣಕಿ ಮೂರೂ ಕಲೆತು ಕೊಳೆಯುವಲ್ಲಿ. ಹೊಲದ ನಡುವಿನ ತಿಪ್ಪೆ ಬಿಸಿಲಿಗೆ ಒಣಗುತ್ತದೆ, ಗೊಬ್ಬರವಾಗಿ ಹೊಲ ಸೇರುತ್ತದೆ. ಊರ ಅಂಚಿನ ತಿಪ್ಪೆಯ ಪಾಡೇ ಬೇರೆ. ಅದಕ್ಕೆ ಹೋಗಲು ಹೊಲವಿಲ್ಲ. ಹೊಲ ಪ್ಲಾಟಾಗಿದೆ. ಮೇಲಿಂದ ಪಕ್ಕದ ಮನೆಯ ಬಚ್ಚಲ ನೀರು ಅದರ ಬುಡಕ್ಕೇ ಬಂದು ನಿಲ್ಲುತ್ತದೆ, ಗಟಾರ ಇನ್ನೂ ಆಗಿರುವುದಿಲ್ಲವಲ್ಲ.

ನೊಣ ಒಂದು ದನದ ಕಾಲಿಗೆ ಕೂತು ಸೂಜಿ ಚುಚ್ಚುತ್ತದೆ. ದನಕ್ಕೆ ಉರಿಯುತ್ತದೆ, ಕಾಲು ಝಾಡಿಸುತ್ತದೆ. ಅರೆಹೊಟ್ಟೆಯ ನೊಣ ಎದ್ದು ಪಕ್ಕದ ದನಕ್ಕೆ ಹೋಗಿ ಊಟ ಮುಗಿಸುತ್ತದೆ. ಅಷ್ಟೇ. ವೈರಸ್ ನೊಣದ ಒಳಗೆ ಬೆಳೆಯಬೇಕಾಗಿಯೂ ಇಲ್ಲ. ಸೂಜಿಗೆ ಮೆತ್ತಿಕೊಂಡು ದಾಟಿದರೆ ಆಯಿತು. ಡೆಂಗಿ ತರುವ ಈಡಿಸ್ ಗುಂಗಾಡಿ ರೋಗದ ದನಕ್ಕೆ ಕಚ್ಚಿದ ಆರು ದಿನಗಳ ನಂತರವೂ ಆರೋಗ್ಯದ ದನಕ್ಕೆ ರೋಗ ದಾಟಿಸಬಲ್ಲದು ಅಂತ ಪ್ರಯೋಗ ಮಾಡಿ ತೋರಿಸಿದ್ದಾರೆ. ಉಣ್ಣಿಗಳೂ ಈ ಸಾಗಾಣಿಕೆಯಲ್ಲಿ ಪಾಲುದಾರರು. ಇದೆಲ್ಲ ಹೆಚ್ಚು ನಡೆಯುವುದು ದನಗಳು ಒತ್ತೊತ್ತಾಗಿ ಕಟ್ಟಿದ್ದಲ್ಲಿ. ಹಾಲು ಮಾರುವವರು ಪೇಟೆಗೆ ಹತ್ತಿರವೇ ಇರಬೇಕು, ಆದರೆ ಪೇಟೆಯ ಒಳಗೆ ದನ ಕಟ್ಟಲು ಜಾಗವಿಲ್ಲ. ಅಂಚೇ ಗತಿ.

ಪೇಂಟರನದೂ ಅದೇ ಲೆಕ್ಕ. ಒಂದು ಟ್ರೇಲರ್ ನಿಲ್ಲಿಸಿ ಎರಡು ದಿನ ಬಣ್ಣ ಹೊಡೆಯಬೇಕು ಅಂದರೆ ಪೇಟೆಯಲ್ಲಿ ಯಾರು ಜಾಗ ಕೊಡುತ್ತಾರೆ? ಬಾಡಿಗೆ ಕಡಿಮೆ, ಬಯಲು ಜಾಸ್ತಿ, ಗಿರಾಕಿಗಳು ಹಳ್ಳಿಯಿಂದ ಬರುವ ದಾರಿ. ಹಾಗಾಗಿ ಅವನ ಶೆಡ್ಡೂ ಅಂಚಿನಲ್ಲೇ.

ವಿಜಯಪುರಕ್ಕೆ ಇದು ಹೊಸದೂ ಅಲ್ಲ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಕೋಟೆಯ ಗದ್ದಲದಿಂದ ಹೊರಗೆ, ಇದೇ ತೊರವಿಯ ಬಯಲಿಗೆ ಬಂದು ನವರಸಪುರ ಅಂತ ಹೊಸ ಊರನ್ನೇ ಕಟ್ಟಲು ಶುರು ಮಾಡಿದ. ಸಂಗೀತದ ಹುಚ್ಚಿನ ಅರಸ. ಹೆಸರಿನಲ್ಲೇ ನವರಸ ಇದೆ. ನಿಂತದ್ದು ಹೆಚ್ಚುಕಡಿಮೆ 25 ವರ್ಷ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಕೋಟೆಯ ಒಳಗಿದ್ದದ್ದು ಉಳಿಯಿತು, ಹೊರಗಿದ್ದದ್ದು ಮೊದಲು ಹೋಯಿತು. ಸಂಗೀತ ಮಹಲಿನ ಎತ್ತರದ ಕಮಾನು ಮಾತ್ರ ಇವತ್ತಿಗೂ ಬಯಲಿನಲ್ಲಿ ನಿಂತಿದೆ.

ಹಳ್ಳಿಗಳ ಕಡೆ ಅಂಚಿಗೆ ಇನ್ನೊಂದು ಕೆಲಸವಿತ್ತು. ಬ್ಯಾನಿ ಬಂದರೆ ದ್ಯಾಮವ್ವನಿಗೆ ವಾರ ಹಿಡಿಯುವುದು, ಊರೆಲ್ಲ ಒಂದು ದಿನ ಹೊರಬೀಡು ಬೀಳುವುದು, ರೋಗವನ್ನು ಊರ ಸೀಮೆ ದಾಟಿಸಿ ಬರುವುದು. ಅದಕ್ಕೆ ಹಾಡು, ಹಲಗೆ, ಬೇವಿನ ತೋರಣ, ಬಣ್ಣ ಎಲ್ಲ ಬೇಕು. ಇದನ್ನು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಾರ ಹಿಡಿದ ದಿನ ಎತ್ತು ಹೂಡುವುದಿಲ್ಲ. ಬಂಡಿ ಊರು ದಾಟುವುದಿಲ್ಲ. ಅಂದರೆ ದನಗಳ ಓಡಾಟ ಕಡಿಮೆ. ಆದರೆ ಸೀಮೆ ದಾಟಿಸಿದ ರೋಗ ಪಕ್ಕದ ಊರಿಗೆ ತಾನೇ ಹೋಗಬೇಕು? ಆ ಊರಿನವರು ತಮ್ಮ ಸೀಮೆ ದಾಟಿಸುತ್ತಾರೆ.

ದೇಶಗಳೂ ಹೀಗೇ ಮಾಡಿವೆ. ಹಿರಿಯರು ದೊಡ್ಡಬ್ಯಾನಿ ಅಂದರೆ ಇವತ್ತಿಗೂ ಮುಖ ಗಂಟಿಕ್ಕುತ್ತಾರೆ. ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಮಾಡುತ್ತಿದ್ದ ರೋಗ ಅದು. ಅದರ ವೈರಸ್ ನಮ್ಮ ಮಕ್ಕಳ ದಡಾರದ ವೈರಸ್ಸಿಗೆ ಹತ್ತಿರದ ನೆಂಟ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳನ್ನು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದರು. ದೊಡ್ಡಬ್ಯಾನಿಯೂ ಇಳಿಯಿತು. ಯುರೋಪು ಗಾಬರಿಯಾಯಿತು. ಒಂದು ದೇಶ ತನ್ನ ಗಡಿ ಕಾದುಕೊಂಡರೆ ಸಾಲದು, ರೋಗ ಬಂದಾಗ ಮುಚ್ಚಿಡದೆ ಒಬ್ಬರಿಗೊಬ್ಬರು ಹೇಳಬೇಕು ಅಂತ 28 ದೇಶಗಳು ಸೇರಿ 1924ರಲ್ಲಿ ಜಾಗತಿಕ ಪಶು ಆರೋಗ್ಯ ಸಂಸ್ಥೆ ಕಟ್ಟಿದವು. ಅದರ ಹುಟ್ಟಿಗೆ ನಮ್ಮ ದನಗಳೇ ಕಾರಣ. ಮುಂದೆ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಅನ್ನುವವರು ಆ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ದಾಟಿಸಿ ಅದರ ಸೊಕ್ಕು ಇಳಿಸಿ ಲಸಿಕೆ ಮಾಡಿದರು. ಆಮೇಲೆ ಇನ್ನೂ ಒಳ್ಳೆಯ ಲಸಿಕೆ ಬಂತು. 2011ರಲ್ಲಿ ದೊಡ್ಡಬ್ಯಾನಿ ಭೂಮಿಯಿಂದಲೇ ಹೋಯಿತು ಅಂತ ಸಾರಿದರು. ಮೈಲಿ ಬಿಟ್ಟರೆ ಹೀಗೆ ಬೇರು ಸಮೇತ ಹೋದ ವೈರಸ್ ರೋಗ ಇದೊಂದೇ.

ಚರ್ಮಗಂಟು ಅಷ್ಟು ಸುಲಭಕ್ಕೆ ಬಗ್ಗುವುದಲ್ಲ, ನೊಣ ಸೀಮೆ ಕೇಳುವುದಿಲ್ಲವಲ್ಲ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ದನಗಳ ಹೆಣ ಬಿದ್ದವು. ಮಳೆಗಾಲದ ಕೊನೆಗೆ ನಮ್ಮ ಕಡೆಯೂ ಬಂತು. ಕಾಕಾ ಅವರ ಎತ್ತು ಮೊದಲ ದಿನ ಕಣಕಿ ಮುಟ್ಟಲಿಲ್ಲ. ಮರುದಿನ ಮೈ ಸುಡುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಕುತ್ತಿಗೆಯ ಮೇಲೆ ಕೈಯಾಡಿಸಿದಾಗ ಚರ್ಮದ ಒಳಗೆ ಗೋಲಿ ತುಂಬಿದ ಹಾಗೆ ಸಿಕ್ಕಿತಂತೆ. ಗಂಟು ಬರೀ ಮೇಲಿನ ಪೊರೆಯಲ್ಲಿ ಇರುವುದಿಲ್ಲ. ಚರ್ಮದ ಪೂರ್ತಿ ದಪ್ಪಕ್ಕೆ ಇಳಿದಿರುತ್ತದೆ. ಅದಕ್ಕೇ ಅದು ಕೊಳೆತು, ಬಿರಡೆಯಂತೆ ಕಳಚಿ ಬಿದ್ದಾಗ ಗುಣಿ ಬೀಳುತ್ತದೆ. ಕೂದಲಿನ ಬೇರೂ ಹೋಗಿರುತ್ತದೆ. ಬಿದ್ದ ಹೊಪ್ಪಳಿಕೆಯಲ್ಲಿ ವೈರಸ್ ಒಂದು ತಿಂಗಳಿಗೂ ಮೇಲೆ ಜೀವ ಹಿಡಿದಿರಬಲ್ಲದು. ಬಿಸಿಲು, ಸಾಬೂನು ನೀರು ಎರಡಕ್ಕೂ ಅದು ಹೆದರುತ್ತದೆ. ಕತ್ತಲೆ ಕೊಟ್ಟಿಗೆ ಅದಕ್ಕೆ ಹಿತ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ, ಹುಣ್ಣು ಕೀವಾಗದ ಹಾಗೆ ಇಂಜೆಕ್ಷನ್ ಕೊಡುತ್ತಾರೆ. ಕಾಕಾ ಅದರ ಜೊತೆ ವೀಳ್ಯದೆಲೆ, ಮೆಣಸಿನ ಕಾಳು, ಉಪ್ಪು, ಬೆಲ್ಲ ಅರೆದು ನೆಕ್ಕಿಸಿದರು. ಅದರಿಂದಲೇ ವೈರಸ್ ಸತ್ತಿತು ಅಂತ ನಾನು ಹೇಳಲಾರೆ. ಆದರೆ ಆ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಒಬ್ಬರು ಎತ್ತಿನ ಬಾಯಿ ತೆಗೆದು ನೋಡಿದರು, ನೊಣ ಓಡಿಸಿದರು, ನೀರು ಕುಡಿಸಿದರು. ಅದು ಸಣ್ಣ ಆರೈಕೆ ಅಲ್ಲ, ಅಲ್ವಾ?

ಅಣ್ಣತಮ್ಮಂದಿರು ಕೆಲಸಕ್ಕೆ ಬಂದದ್ದು ಆಗಲೇ. ಆಡು ಸಿಡುಬಿನ ಲಸಿಕೆ ಮೊದಲೇ ನಮ್ಮಲ್ಲಿ ತಯಾರಾಗುತ್ತಿತ್ತು. ಎರಡು ವೈರಸ್‌ಗಳ ಮುಖಚರ್ಯೆ ಎಷ್ಟು ಒಂದೇ ಅಂದರೆ, ಒಂದನ್ನು ಗುರುತಿಟ್ಟುಕೊಂಡ ದನದ ಮೈ ಇನ್ನೊಂದನ್ನೂ ಬಾಗಿಲಲ್ಲೇ ಹಿಡಿಯುತ್ತದೆ. ಹಾಗಾಗಿ ಆಡಿನ ಲಸಿಕೆಯನ್ನೇ ದನಗಳಿಗೆ ಹಾಕಿದರು. 2022ರ ಆಗಸ್ಟಿನಲ್ಲಿ ಚರ್ಮಗಂಟಿನದೇ ವೈರಸ್ಸಿನಿಂದ ಮಾಡಿದ ದೇಶಿ ಲಸಿಕೆಯನ್ನೂ ಪ್ರಕಟಿಸಿದರು. ಅದರ ಮೂಲ ರಾಂಚಿಯ ದನಗಳಲ್ಲಿ ಸಿಕ್ಕ ವೈರಸ್.

ಲಸಿಕೆಯ ಜೊತೆಗೆ ದನದ ಸಂತೆ, ಜಾತ್ರೆಗಳನ್ನೂ ನಿಲ್ಲಿಸಿದರು. ಮಾಡಲೇಬೇಕಾದ ಕೆಲಸ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಸಂತೆ ನಿಂತರೆ ಏನೇನು ನಿಲ್ಲುತ್ತದೆ ಅಂತ ವೈರಸ್ ಲೆಕ್ಕ ಇಡುವವರು ಬರೆದುಕೊಳ್ಳುವುದಿಲ್ಲ. ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಹೊಲಿಯುವವರು, ಗೆಜ್ಜೆಪಟ್ಟಿ, ಹಣೆಗೊಂಡೆ, ಕೋಡಣಸು ಮಾರುವವರು, ಬಾರಕೋಲು ಹೆಣೆಯುವವರು. ಅವರ ವರ್ಷದ ದುಡಿಮೆಯೇ ಆ ಕೆಲವು ವಾರ. ಇತ್ತ ಜನಪದ ಕಲೆಯ ಬಗ್ಗೆ ಸಂಶೋಧನೆ ಮಾಡುವವರು ಝೂಲದ ಕಸೂತಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅದರ ಕೆಳಗೆ ನಿಂತ ಎತ್ತಿಗೆ ಜ್ವರ ಬಂದಿತ್ತು ಅನ್ನುವುದು ಅವರ ಪುಟದಲ್ಲಿ ಸಿಗುವುದಿಲ್ಲ. ಇಬ್ಬರೂ ಒಂದೇ ಬಯಲಿಗೆ ಬಂದು ಹೋಗುತ್ತಾರೆ, ಭೆಟ್ಟಿ ಆಗುವುದಿಲ್ಲ.

ಅಥಣಿ, ನಿಪ್ಪಾಣಿ, ಮುಧೋಳದ ಕಡೆ ಚಪ್ಪಲಿ ಮಾಡುವವರನ್ನು ಕೇಳಿದರೆ ಕಲೆ ಬೇರೆ, ರೋಗ ಬೇರೆ ಅನ್ನುವ ಈ ಗೆರೆಯೇ ಇರುವುದಿಲ್ಲ. ಕೊಲ್ಹಾಪುರಿ ಅಂತ ಪೇಟೆಯಲ್ಲಿ ಹೆಸರಾದ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ) ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಈ ಕಸುಬಿನವರ ಕೇರಿಗಳನ್ನು ಊರ ಅಂಚಿಗೆ ಇಟ್ಟದ್ದು ಬಾಡಿಗೆ ಕಡಿಮೆ ಅಂತಲ್ಲ, ಜಾತಿಯ ಕಾರಣಕ್ಕೆ. ಅಂಚು ಅಂದಾಗ ಅದನ್ನೂ ಹೇಳಬೇಕು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ಅವರು ಬೆಳಕಿಗೆ ಹಿಡಿದು ನೋಡುತ್ತಾರೆ. ಗಂಟು ಬಿದ್ದು ಮಾಯ್ದ ಜಾಗ ಅಲ್ಲಿ ಅಡಗಿ ಕೂರಲಾರದು. ತೊಗಲು ಅಲ್ಲೇ ತೂತು, ಇಲ್ಲವೇ ಅಲ್ಲೇ ತೆಳು. ಆ ತುಂಡಿಗೆ ಬೆಲೆಯಿಲ್ಲ.

ಕಾಕಾ ಅವರ ಎತ್ತು ಬದುಕಿತು. ವಾಸಿಯಾದ ದನ ವೈರಸ್ಸನ್ನು ಒಳಗೆ ಇಟ್ಟುಕೊಂಡು ವರ್ಷಗಟ್ಟಲೆ ಹಂಚುತ್ತ ತಿರುಗುವುದಿಲ್ಲ, ಹಾಗಾಗಿ ಅದಕ್ಕೆ ಬಣ್ಣ ಹಚ್ಚಿದ ಬ್ರಶ್ಶಿನಿಂದ ಬೇರೆ ಎತ್ತಿಗೆ ಹಚ್ಚಲು ಯಾರೂ ಹೆದರಬೇಕಿರಲಿಲ್ಲ. ಅವತ್ತು ಸಂಜೆ ಕರಿ ಹರಿದದ್ದು ಬೇರೆ ಯಾರದೋ ಕೆಂಪು ಎತ್ತು. ಕೆಂಪು ಎತ್ತು ಗೆದ್ದೈತಿ, ಮುಂಗಾರಿ ಚಲೋ ಆಗತೈತಿ ಅಂದರು ಜನ. ಹನ್ನೊಂದು ಹೂವಿನ ಎತ್ತು ಓಡಲೇ ಇಲ್ಲ, ಮೆರವಣಿಗೆಯಲ್ಲಿ ನಡೆದು ಬಂತು.

ಎರಡು ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕಾಕಾ ಅವರ ಮೊಮ್ಮಗಳು ಎರೆಮಣ್ಣು ಕಲಸಿ ಜೋಡೆತ್ತು ಮಾಡಿ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ಒಂದು ನುಣ್ಣಗಿತ್ತು, ಕುಸುಬಿ ಕಾಳಿನ ಕಣ್ಣು. ಇನ್ನೊಂದರ ಮೈಗೆ ಜೋಳದಷ್ಟು ಸಣ್ಣ ಮಣ್ಣಿನ ಉಂಡೆಗಳನ್ನು ಒತ್ತಿ ಒತ್ತಿ ಅಂಟಿಸಿದ್ದಳು. ಕುತ್ತಿಗೆಗೆ, ಕಾಲಿಗೆ, ಹೊಟ್ಟೆಯ ಕೆಳಗೆ. ಪಶುವೈದ್ಯದ ಪುಸ್ತಕದಲ್ಲಿ ಬರೆದಿರುವ ಜಾಗಗಳೇ. “ಇವನ್ನ್ಯಾಕ ಹಚ್ಚೀದಿ?” ಅಂತ ಕೇಳಿದೆ. “ಇದ್ದೂವಲ್ಲ” ಅಂದಳು, ಮತ್ತೆ ಬೆರಳು ನೀರಿಗೆ ಅದ್ದಿ ಬಾಲ ತಿದ್ದತೊಡಗಿದಳು.